ಎಲ್‌ಪಿ(ಎ): ತೂಗುವುದಲ್ಲ, ಎಣಿಸುವುದು — ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಕೂರುವವರಿಗೆ ಒಂದು ಮಾರ್ಗದರ್ಶಿ

ಒಬ್ಬನೇ ವ್ಯಕ್ತಿಯ ರಕ್ತವನ್ನು ಎರಡು ಪ್ರಯೋಗಾಲಯಗಳಿಗೆ ಕೊಟ್ಟು ಲಿಪೊಪ್ರೋಟೀನ್(ಎ), ಅಂದರೆ ಎಲ್‌ಪಿ(ಎ) ಎಂಬ ಕೊಬ್ಬು ಸಾಗಿಸುವ ಕಣವನ್ನು ಅಳೆಸಿದರೆ ಎರಡು ಬಗೆಯ ಉತ್ತರ ಬರುವುದು ಅಪರೂಪವೇನಲ್ಲ. ಒಂದು ವರದಿ ಮಿಲಿಗ್ರಾಂನಲ್ಲಿರುತ್ತದೆ, ಇನ್ನೊಂದು ನ್ಯಾನೊಮೋಲ್‌ನಲ್ಲಿ; ಮೊದಲನೆಯದು ತೂಕ, ಎರಡನೆಯದು ಅಣುಗಳ ಎಣಿಕೆ. ಯಾವುದೋ ಒಂದು ಗುಣಕದಿಂದ ಎರಡನ್ನೂ ಹೊಂದಿಸಲು ಹೊರಟರೆ ಲೆಕ್ಕ ಕೂಡುವುದಿಲ್ಲ. ಇದರಲ್ಲಿ ತಂತ್ರಜ್ಞರ ತಪ್ಪು ಇರಬೇಕೆಂದೇನೂ ಇಲ್ಲ. ಅಳೆಯಬೇಕಾದ ಪ್ರೋಟೀನೇ ಒಬ್ಬೊಬ್ಬರಲ್ಲಿ ಒಂದೊಂದು ಉದ್ದವಿರುತ್ತದೆ.

ಎಲ್‌ಪಿ(ಎ) ಎಂದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್ ಹೊರುವ) ಕಣಕ್ಕೆ ಅಪೊ(ಎ) ಎಂಬ ಇನ್ನೊಂದು ಪ್ರೋಟೀನ್ ಡೈಸಲ್ಫೈಡ್ (ಎರಡು ಗಂಧಕ ಪರಮಾಣುಗಳ) ಬಂಧದಿಂದ ಅಂಟಿಕೊಂಡ ಕಣ. 1963ರಲ್ಲಿ ನಾರ್ವೆಯ ಕಾರೆ ಬರ್ಗ್ ಇದನ್ನು ಗುರುತಿಸಿದರು. ಅಪೊ(ಎ)ಯಲ್ಲಿ ಕ್ರಿಂಗಲ್ ಎಂಬ ಮಡಿಕೆಗಳು ಸಾಲಾಗಿ ಇರುತ್ತವೆ. ಅವುಗಳಲ್ಲಿ ನಾಲ್ಕನೆಯ ಬಗೆಯ ಎರಡನೆಯ ಉಪಜಾತಿ ಕೆಲವರಲ್ಲಿ ಬೆರಳೆಣಿಕೆಯಷ್ಟು ಸಲ, ಕೆಲವರಲ್ಲಿ 40ಕ್ಕೂ ಹೆಚ್ಚು ಸಲ ಮರುಕಳಿಸುತ್ತದೆ. ಎಷ್ಟು ಸಲ ಎಂಬುದು ತಂದೆ ತಾಯಿಯಿಂದ ಬಂದ ಜೀನಿನಲ್ಲೇ ಬರೆದಿರುತ್ತದೆ. ಪ್ರತಿಕಾಯದಿಂದ ಪ್ರೋಟೀನ್ ಅಳೆಯುವ ಸಾಮಾನ್ಯ ಪರೀಕ್ಷೆಯಾದ ಇಮ್ಯುನೊಅಸ್ಸೇಯಲ್ಲಿ ಬಳಸುವ ಪ್ರತಿಕಾಯವು ಈ ಮರುಕಳಿಸುವ ಭಾಗಕ್ಕೂ ಅಂಟಿದರೆ, ಉದ್ದದ ಅಪೊ(ಎ) ಇರುವವರಲ್ಲಿ ಒಂದು ಕಣವೇ ಹಲವು ಕಣಗಳಂತೆ ಲೆಕ್ಕಕ್ಕೆ ಸೇರುತ್ತದೆ. ಚಿಕ್ಕ ಅಪೊ(ಎ) ಇರುವವರಲ್ಲಿ ಅಳತೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ದುರದೃಷ್ಟವೆಂದರೆ ಚಿಕ್ಕ ಅಪೊ(ಎ) ಇರುವವರಲ್ಲೇ ಕಣಗಳ ಸಂಖ್ಯೆ ಸಾಮಾನ್ಯವಾಗಿ ಹೆಚ್ಚು. ಅಂದರೆ ಹೃದ್ರೋಗದ ಅಪಾಯ ಹೆಚ್ಚಿರುವವರ ಅಳತೆಯೇ ಕಡಿಮೆ ಬೀಳುವ ಸಂಭವ ಇದೆ.

ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದು ಒಂದು ಸರಳ ಕಾರಣಕ್ಕೆ. ಅಪೊ(ಎ)ಯನ್ನು ತುಂಡು ಮಾಡಿ, ಪ್ರತಿ ಅಣುವಿನಲ್ಲೂ ಒಂದೇ ಒಂದು ಸಲ ಬರುವ ತುಂಡನ್ನು ಆರಿಸಿ, ಅದನ್ನು ಎಣಿಸಿದರೆ ಉದ್ದದ ಗೊಡವೆಯೇ ಇರುವುದಿಲ್ಲ. ಅದೇ ತಯಾರಿಕೆಯಲ್ಲಿ ಅಪೊಬಿ ಎಂಬ ಪ್ರೋಟೀನನ್ನೂ ಎಣಿಸಬಹುದು. ವಿಎಲ್‌ಡಿಎಲ್, ಎಲ್‌ಡಿಎಲ್, ಎಲ್‌ಪಿ(ಎ) ಈ ಮೂರರಲ್ಲೂ ಕಣಕ್ಕೊಂದರಂತೆ ಅಪೊಬಿ ಅಣು ಇರುವುದರಿಂದ, ರಕ್ತನಾಳದ ಗೋಡೆಗೆ ಕೊಬ್ಬು ಸಾಗಿಸುವ ಕಣಗಳ ಒಟ್ಟು ಸಂಖ್ಯೆ ಅದರಿಂದ ತಿಳಿಯುತ್ತದೆ.

ಭಾರತೀಯರಿಗೆ ಈ ಅಳತೆ ದೂರದ ವಿಷಯವಲ್ಲ. ಹಲವು ದೇಶಗಳಲ್ಲಿ ಹೃದಯಾಘಾತದ ಕಾರಣ ಹುಡುಕಿದ ಇಂಟರ್‌ಹಾರ್ಟ್ ಅಧ್ಯಯನದ 2019ರ ವಿಶ್ಲೇಷಣೆಯಲ್ಲಿ, ಎಲ್‌ಪಿ(ಎ) ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದ ದಕ್ಷಿಣ ಏಷ್ಯಾದವರಲ್ಲಿ ಹೃದಯಾಘಾತದ ಸಂಭವ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಎಳೆಯ ವಯಸ್ಸಿನಲ್ಲೇ ಹೃದ್ರೋಗ ಬಂದವರಿಗಾಗಿ ಪ್ರತ್ಯೇಕ ದಾಖಲಾತಿ ಇಟ್ಟಿರುವುದೂ ಸುಮ್ಮನೆ ಅಲ್ಲ.

ಈ ಬರಹ ಕ್ಲಿನಿಕಲ್ ಬಯೊಕೆಮಿಸ್ಟ್ರಿ ಪ್ರಯೋಗಾಲಯದವರಿಗೆ, ಪ್ರೋಟೀನ್ ಅಳತೆಗೆ ಕೈಹಾಕುತ್ತಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ. ತಮ್ಮ ಎಲ್‌ಪಿ(ಎ) ಎಷ್ಟಿದೆ ಎಂದಷ್ಟೇ ತಿಳಿಯಬೇಕಾದವರು ಮಾಸ್ ಸ್ಪೆಕ್ಟ್ರೋಮೀಟರ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ನ್ಯಾನೊಮೋಲ್‌ನಲ್ಲಿ ಉತ್ತರ ಕೊಡುವ, ಉದ್ದದ ಪ್ರಭಾವ ಕಡಿಮೆ ಇರುವ ಒಳ್ಳೆಯ ಇಮ್ಯುನೊಅಸ್ಸೇ ಅವರಿಗೆ ಸಾಕು. ಈ ಯಂತ್ರದ ನಿಜವಾದ ಕೆಲಸ ಅಂಥ ಪರೀಕ್ಷೆಗಳು ಸರಿಯಾಗಿವೆಯೇ ಎಂದು ನೋಡುವುದು, ಮತ್ತು ಸಂಶೋಧನೆಗೆ ನಂಬಬಹುದಾದ ಅಂಕಿ ಕೊಡುವುದು.

ಪೆಪ್ಟೈಡ್ ಆಯ್ಕೆ

ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಂಡು. ಟ್ರಿಪ್ಸಿನ್ ಕಿಣ್ವ ಲೈಸೀನ್ ಮತ್ತು ಆರ್ಜಿನೀನ್ ಎಂಬ ಅಮೈನೊ ಆಮ್ಲಗಳ ನಂತರ ಪ್ರೋಟೀನಿನ ಸರಪಳಿಯನ್ನು ಕತ್ತರಿಸುತ್ತದೆ. ಅದರ ಮುಂದೆ ಪ್ರೋಲೀನ್ ಇದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಯುನಿಪ್ರಾಟ್ ದತ್ತಸಂಚಯದಲ್ಲಿ ಅಪೊ(ಎ) ಪಿ08519, ಅಪೊಬಿ ಪಿ04114, ಎಚ್‌ಡಿಎಲ್ ಕಣದ ಅಪೊಎ-1 ಪಿ02647 ಎಂಬ ಸಂಖ್ಯೆಗಳಲ್ಲಿ ಸಿಗುತ್ತವೆ. ಸರಣಿ ಇಳಿಸಿಕೊಂಡು ಕಾಗದದ ಮೇಲೆ ಒಮ್ಮೆ ಕೈಯಾರೆ ಕತ್ತರಿಸಿ ನೋಡಿ. ತಂತ್ರಾಂಶ ಕ್ಷಣದಲ್ಲಿ ಮಾಡುವ ಕೆಲಸವೇ ಇದು, ಆದರೆ ಕೈಯಲ್ಲಿ ಮಾಡಿದವರಿಗೆ ಮುಂದೆ ಎಲ್ಲಿ ಎಡವಬಹುದು ಎಂಬುದು ಕಾಣುತ್ತದೆ.

ಎಂಟರಿಂದ ಇಪ್ಪತ್ತು ಅಮೈನೊ ಆಮ್ಲಗಳ ತುಂಡುಗಳನ್ನು ಇಟ್ಟುಕೊಳ್ಳಿ. ಮೆಥಿಯೊನೀನ್ ಇದ್ದರೆ ಅದು ಆಕ್ಸಿಡೀಕರಣಗೊಳ್ಳುತ್ತದೆ, ಬಿಡಿ. ಆಸ್ಪರಜೀನ್ ಪಕ್ಕದಲ್ಲಿ ಗ್ಲೈಸೀನ್ ಇದ್ದರೆ ಅಮೈಡ್ ಕಳಚುತ್ತದೆ, ಬಿಡಿ. ಮೊದಲ ಅಕ್ಷರ ಗ್ಲುಟಮೀನ್ ಆಗಿದ್ದರೆ ಅದು ಉಂಗುರ ಕಟ್ಟಿಕೊಂಡು ರೂಪ ಬದಲಿಸುತ್ತದೆ. ಸಕ್ಕರೆಯ ಸರಪಳಿ ಅಂಟುವ ಜಾಗವೂ, ಜನರಲ್ಲಿ ಸಾಮಾನ್ಯವಾಗಿ ವ್ಯತ್ಯಾಸವಾಗುವ ಜಾಗವೂ ಬೇಡ.

ಅಪೊ(ಎ) ವಿಷಯದಲ್ಲಿ ಇನ್ನೂ ಒಂದು ಬಲೆ ಇದೆ. ಇದು ಪ್ಲಾಸ್ಮಿನೊಜೆನ್ (ರಕ್ತದ ಹೆಪ್ಪು ಕರಗಿಸುವ ಕಿಣ್ವದ ಪೂರ್ವರೂಪ) ಜೀನಿನ ನಕಲಿನಿಂದ ಹುಟ್ಟಿಕೊಂಡ ಪ್ರೋಟೀನ್. ಎರಡರ ಸರಣಿ ಉದ್ದಕ್ಕೂ ಹೋಲುತ್ತದೆ. ರಕ್ತದಲ್ಲಿ ಪ್ಲಾಸ್ಮಿನೊಜೆನ್ ಲೀಟರಿಗೆ ಸುಮಾರು 2 ಮೈಕ್ರೊಮೋಲ್ ಇರುತ್ತದೆ. ಅಪೊ(ಎ) ಅನೇಕರಲ್ಲಿ ಅದರ ನೂರನೆಯ ಒಂದು ಪಾಲೂ ಇರುವುದಿಲ್ಲ. ಎರಡಕ್ಕೂ ಸಮಾನವಾದ ತುಂಡನ್ನು ಆರಿಸಿದರೆ ನೀವು ಅಳೆಯುವುದು ಪ್ಲಾಸ್ಮಿನೊಜೆನ್ ಮಾತ್ರ. ಬಹಳ ಪ್ರಯೋಗಾಲಯಗಳು ಬಳಸುವ ತುಂಡು ಎಲ್-ಎಫ್-ಎಲ್-ಇ-ಪಿ-ಟಿ-ಕ್ಯೂ-ಎ-ಡಿ-ಐ-ಎ-ಎಲ್-ಎಲ್-ಕೆ (ಒಂದೊಂದು ಅಕ್ಷರ ಒಂದೊಂದು ಅಮೈನೊ ಆಮ್ಲ). ಇದು ಅಪೊ(ಎ)ಯ ಕೊನೆಯ ಭಾಗದಲ್ಲಿ, ಕ್ರಿಂಗಲ್‌ಗಳ ಆಚೆ ಇದೆ. ಪ್ಲಾಸ್ಮಿನೊಜೆನ್‌ನಲ್ಲಿ ಇದೇ ಜಾಗದಲ್ಲಿ ಕ್ಯೂ ಮತ್ತು ಎ ಬದಲು ಆರ್ (ಆರ್ಜಿನೀನ್) ಮತ್ತು ಕೆ (ಲೈಸೀನ್) ಇವೆ. ಟ್ರಿಪ್ಸಿನ್ ಅದನ್ನು ಅಲ್ಲೇ ತುಂಡರಿಸಿಬಿಡುತ್ತದೆ, ಗೊಂದಲ ಉಳಿಯುವುದಿಲ್ಲ. ಎರಡೇ ಅಕ್ಷರದ ವ್ಯತ್ಯಾಸ, ಆದರೆ ವಿಧಾನವೆಲ್ಲ ನಿಂತಿರುವುದು ಅದರ ಮೇಲೆ.

ಅಪೊಬಿಗೆ ಟಿ-ಇ-ವಿ-ಐ-ಪಿ-ಪಿ-ಎಲ್-ಐ-ಇ-ಎನ್-ಆರ್ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರತಿ ಪ್ರೋಟೀನಿಗೆ ಎರಡು ಪೆಪ್ಟೈಡ್ ಇಟ್ಟುಕೊಳ್ಳಿ: ಒಂದರಿಂದ ಲೆಕ್ಕ, ಇನ್ನೊಂದರಿಂದ ತಾಳೆ. ಎರಡೂ ಬೇರೆ ಬೇರೆ ಉತ್ತರ ಕೊಟ್ಟ ದಿನ ವರದಿ ಬರೆಯಬೇಡಿ.

ಮಾದರಿ

ಸೀರಮ್ ಆಗಲಿ, ಇಡಿಟಿಎ ಎಂಬ ಪ್ರತಿಸ್ಕಂದಕ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಾಕಿದ ಪ್ಲಾಸ್ಮಾ ಆಗಲಿ, ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ದ್ರವರೂಪದ ಪ್ರತಿಸ್ಕಂದಕ ರಕ್ತವನ್ನು ತೆಳುಮಾಡುತ್ತದೆ. ಸಿಟ್ರೇಟ್ ಕೊಳವೆಯಲ್ಲಿ ಬಂದದ್ದನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಎಲ್‌ಪಿ(ಎ)ಗೂ ಅಪೊಬಿಗೂ ಉಪವಾಸ ಬೇಕಿಲ್ಲ. ಬೇರ್ಪಡಿಸಿದ ಸೀರಮನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದನ್ನು ಮಾಡಬೇಡಿ. ಊರಿನಲ್ಲಿ ವಿದ್ಯುತ್ ಕೈಕೊಡುವುದು ಸಾಮಾನ್ಯವಾದರೆ ಫ್ರೀಜರಿನ ತಾಪಮಾನ ದಾಖಲಿಸುವ ಸಾಧನ ಇರಲೇಬೇಕು. ಒಂದು ರಾತ್ರಿ ಮೈನಸ್ 30ಕ್ಕೆ ಏರಿ ಬೆಳಿಗ್ಗೆ ಮತ್ತೆ ಮೈನಸ್ 80 ತೋರಿಸುವ ಫ್ರೀಜರ್ ಯಾರಿಗೂ ಏನೂ ಹೇಳುವುದಿಲ್ಲ.

ರೋಗಿಯ ಹಿನ್ನೆಲೆಯಲ್ಲಿ ಎರಡು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಮೂತ್ರದಲ್ಲಿ ಪ್ರೋಟೀನ್ ಹೋಗುವ ಮೂತ್ರಪಿಂಡದ ಕಾಯಿಲೆ ಇದೆಯೇ, ಥೈರಾಯ್ಡ್ ಮಂದಗತಿ ಇದೆಯೇ. ಎರಡೂ ಎಲ್‌ಪಿ(ಎ)ಯನ್ನು ಏರಿಸಬಲ್ಲವು.

ಇಲ್ಲಿ ಒಂದು ಲೆಕ್ಕ ಮಾಡಿಕೊಂಡರೆ ಮುಂದಿನದು ಸುಲಭ. 10 ಮೈಕ್ರೊಲೀಟರ್ ಸೀರಮ್ ತೆಗೆದುಕೊಂಡಿರಿ ಎನ್ನೋಣ. ಎಲ್‌ಪಿ(ಎ) ಲೀಟರಿಗೆ 100 ನ್ಯಾನೊಮೋಲ್ ಇದ್ದರೆ ಆ ಹನಿಯಲ್ಲಿ ಅಪೊ(ಎ) 1 ಪಿಕೊಮೋಲ್ ಇದೆ. ಅಪೊಬಿ ಡೆಸಿಲೀಟರಿಗೆ 100 ಮಿಲಿಗ್ರಾಂ ಇದ್ದರೆ ಅದು ಲೀಟರಿಗೆ ಸುಮಾರು 2 ಮೈಕ್ರೊಮೋಲ್, ಅಂದರೆ ಹನಿಯಲ್ಲಿ 20 ಪಿಕೊಮೋಲ್. ಅಪೊಎ-1 ಸುಮಾರು 500 ಪಿಕೊಮೋಲ್. ಇವೆಲ್ಲದರ ಜೊತೆ ಆಲ್ಬುಮಿನ್ ಮುಂತಾದವು ಸೇರಿ ಒಟ್ಟು ಪ್ರೋಟೀನ್ ಸುಮಾರು 700 ಮೈಕ್ರೊಗ್ರಾಂ. ಅಪೊ(ಎ)ಯನ್ನು ಕಾಣಲು ಬೇಕಾದಷ್ಟು ಮಾದರಿಯನ್ನು ಯಂತ್ರಕ್ಕೆ ಬಿಟ್ಟರೆ ಅಪೊಎ-1ರ ಸಂಕೇತ ಡಿಟೆಕ್ಟರಿನ ಮಿತಿ ಮೀರುತ್ತದೆ. ಮೂರನ್ನೂ ಒಂದೇ ಓಟದಲ್ಲಿ ಅಳೆಯುವ ಆಸೆಯಿದ್ದರೆ ಅಪೊಎ-1ಕ್ಕೆ ಕಡಿಮೆ ಸಂಕೇತ ಕೊಡುವ ತುಂಡನ್ನು ಅಥವಾ ಘರ್ಷಣಾ ಶಕ್ತಿಯನ್ನು ಬೇಕೆಂದೇ ಆರಿಸಬೇಕಾಗುತ್ತದೆ. ಮೊದಲ ಸಲ ಮಾಡುವವರು ಅಪೊಎ-1 ಬಿಟ್ಟುಬಿಡುವುದೇ ಮೇಲು.

ಮಾನಕಗಳು: ಎರಡು ಬಗೆ, ಎರಡು ಕೆಲಸ

ಆಂತರಿಕ ಮಾನಕವೆಂದರೆ ಅದೇ ಸರಣಿಯ, ಆದರೆ ಕೊನೆಯ ಲೈಸೀನ್ ಅಥವಾ ಆರ್ಜಿನೀನ್‌ನಲ್ಲಿ ಭಾರದ ಇಂಗಾಲ ಮತ್ತು ಸಾರಜನಕ ಐಸೊಟೋಪ್ ತುಂಬಿದ ಕೃತಕ ಪೆಪ್ಟೈಡ್. ಲೈಸೀನ್ ಆದರೆ 8 ಡಾಲ್ಟನ್ ಹೆಚ್ಚು ತೂಕ, ಆರ್ಜಿನೀನ್ ಆದರೆ 10. ಇದು ಪೆಪ್ಟೈಡ್‌ಗಳನ್ನು ಬೇರ್ಪಡಿಸುವ ಕಾಲಂನಿಂದ ನೈಜ ಪೆಪ್ಟೈಡಿನ ಜೊತೆಗೇ ಹೊರಬೀಳುತ್ತದೆ, ಅಯಾನುಗೊಳ್ಳುವಾಗ ಅದರಂತೆಯೇ ವರ್ತಿಸುತ್ತದೆ, ತೂಕದಲ್ಲಿ ಮಾತ್ರ ಬೇರೆ. ಎಲ್ಲ ಕೊಳವೆಗೂ ಒಂದೇ ಪ್ರಮಾಣದಲ್ಲಿ ಹಾಕಿ, ಎರಡರ ಪೀಕ್ (ಯಂತ್ರ ಬರೆಯುವ ಸಂಕೇತದ ಉಬ್ಬು) ವಿಸ್ತೀರ್ಣದ ಅನುಪಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಆದರೆ ಈ ಪೆಪ್ಟೈಡ್ ಮೊದಲೇ ತುಂಡಾಗಿರುವುದು. ರಕ್ತದಲ್ಲಿರುವ ಅಪೊ(ಎ) ಪೂರ್ತಿ ಕತ್ತರಿಸಲ್ಪಟ್ಟಿತೋ ಅರ್ಧಕ್ಕೆ ನಿಂತಿತೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಶೇ. 60ರಷ್ಟೇ ಜೀರ್ಣವಾದರೆ ಉತ್ತರವೂ ಶೇ. 60ರಷ್ಟೇ ಬರುತ್ತದೆ, ಪೀಕ್ ಮಾತ್ರ ಚೆಂದವಾಗಿಯೇ ಇರುತ್ತದೆ. ಹೊಸಬರು ಬೀಳುವ ಗುಂಡಿ ಇದೇ: ಕೃತಕ ಪೆಪ್ಟೈಡಿನ ತೂಕ ಗೊತ್ತಿದೆಯಲ್ಲ, ಅದರಿಂದಲೇ ಸಾಂದ್ರತೆ ಕಟ್ಟಿಬಿಡೋಣ ಎಂದುಕೊಳ್ಳುತ್ತಾರೆ.

ಕೊರತೆ ತುಂಬುವುದು ಕ್ಯಾಲಿಬ್ರೇಟರ್. ಇದು ಮೌಲ್ಯ ನಿಗದಿಯಾದ ಮಾನವ ಸೀರಮ್ ಆಗಿರಬೇಕು, ಮತ್ತು ರೋಗಿಯ ಮಾದರಿಯ ಜೊತೆ ಅದೇ ದಿನ, ಅದೇ ತಟ್ಟೆಯಲ್ಲಿ, ಅದೇ ಟ್ರಿಪ್ಸಿನ್‌ನಿಂದ ಜೀರ್ಣವಾಗಬೇಕು. ಆಗ ಜೀರ್ಣಕ್ರಿಯೆಯ ಕೊರತೆ ಎರಡೂ ಕಡೆ ಸಮನಾಗಿ ಬಿದ್ದು ಕಳೆದುಹೋಗುತ್ತದೆ. ಎಲ್‌ಪಿ(ಎ)ಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಎಸ್‌ಆರ್‌ಎಂ-2ಬಿ ಎಂಬ ಮಾನಕ ದ್ರವ್ಯಕ್ಕೆ ಲೀಟರಿಗೆ 107 ನ್ಯಾನೊಮೋಲ್ ಎಂಬ ಮೌಲ್ಯವಿತ್ತು. ಹಲವು ತಯಾರಕರ ಕ್ಯಾಲಿಬ್ರೇಟರ್‌ಗಳ ಬೇರು ಅಲ್ಲಿಗೇ ಹೋಗುತ್ತದೆ. ಅಮೆರಿಕದಲ್ಲಿ ಸಾಂಟಿಕಾ ಮಾರ್ಕೊವಿನಾ ಅವರ ತಂಡ 2021ರಲ್ಲಿ ಎಲ್‌ಪಿ(ಎ)ಗೆ ಮಾಸ್ ಸ್ಪೆಕ್ಟ್ರೋಮೀಟರ್ ಆಧರಿಸಿದ ಉಲ್ಲೇಖ ವಿಧಾನವೊಂದನ್ನು ಪ್ರಕಟಿಸಿತು. ನೆದರ್‌ಲ್ಯಾಂಡ್ಸ್‌ನ ಲೈಡೆನ್‌ನಲ್ಲಿ ಕ್ರಿಸ್ಟಾ ಕೊಬಾರ್ಟ್ ಮತ್ತು ಸಂಗಡಿಗರು ಅಂತರರಾಷ್ಟ್ರೀಯ ಕ್ಲಿನಿಕಲ್ ಕೆಮಿಸ್ಟ್ರಿ ಒಕ್ಕೂಟದ ಕಾರ್ಯತಂಡದ ಮೂಲಕ ಅಪೊಲಿಪೊಪ್ರೋಟೀನ್‌ಗಳಿಗೆಲ್ಲ ಇದೇ ದಾರಿ ಹಾಕುತ್ತಿದ್ದಾರೆ. ನೀವು ಕೊಳ್ಳುವ ಕ್ಯಾಲಿಬ್ರೇಟರಿನ ಪ್ರಮಾಣಪತ್ರದಲ್ಲಿ ಮೌಲ್ಯ ಎಲ್ಲಿಂದ ಬಂತು ಎಂದು ಓದಿ. ಅದು ಮಿಲಿಗ್ರಾಂನಲ್ಲಿ ಮಾತ್ರ ಇದ್ದರೆ ಈ ಕೆಲಸಕ್ಕೆ ಬೇಡ.

ಶೂನ್ಯದ ಬಿಂದುವಿಗೆ ಒಂದು ಅನುಕೂಲವಿದೆ. ಎಲ್‌ಪಿ(ಎ) ಇರುವುದು ಮನುಷ್ಯನಲ್ಲಿ, ಏಷ್ಯಾ-ಆಫ್ರಿಕಾದ ಮಂಗಗಳಲ್ಲಿ ಮತ್ತು ಅವರೊಡನೆ ಯಾವ ನಂಟೂ ಇಲ್ಲದೆ ತನ್ನದೇ ದಾರಿಯಲ್ಲಿ ಅದನ್ನು ಗಳಿಸಿಕೊಂಡ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳಿನ ಪ್ರಾಣಿಯಲ್ಲಿ. ದನದ ಸೀರಮ್‌ನಲ್ಲಿ ಅದಿಲ್ಲ. ಅಪೊ(ಎ)ಗೆ ಖಾಲಿ ಮಾಧ್ಯಮವಾಗಿ ಅದನ್ನೇ ಬಳಸಬಹುದು. ಅಪೊಬಿಗೆ ಈ ಉಪಾಯ ನಡೆಯುವುದಿಲ್ಲ, ದನಕ್ಕೂ ಅದು ಇದೆ.

ಜೀರ್ಣಕ್ರಿಯೆ: ಅಸಲು ಕೆಲಸ ಇಲ್ಲಿದೆ

ಕೋಟಿಗಟ್ಟಲೆ ಬೆಲೆಯ ಯಂತ್ರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, 37 ಡಿಗ್ರಿಯ ನೀರಿನ ತೊಟ್ಟಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಅಳತೆಯ ಒಳ್ಳೆಯದು ಕೆಟ್ಟದ್ದು ಬಹುಪಾಲು ತೀರ್ಮಾನವಾಗುವುದು ಆ ತೊಟ್ಟಿಯಲ್ಲಿ.

10 ಮೈಕ್ರೊಲೀಟರ್ ಸೀರಮ್‌ಗೆ ಅಮೋನಿಯಂ ಬೈಕಾರ್ಬನೇಟ್ ದ್ರಾವಣವನ್ನು ಸೇರಿಸಿ, ಪಿಎಚ್ 8ರ ಆಸುಪಾಸಿನಲ್ಲಿಡಿ. ಪ್ರೋಟೀನ್ ಬಿಚ್ಚಿಕೊಳ್ಳಲು ಸೋಡಿಯಂ ಡೀಆಕ್ಸಿಕೋಲೇಟ್ ಶೇ. 1ರಷ್ಟು ಹಾಕಿ. ಕೆಲವರು ಯೂರಿಯಾ ಬಳಸುತ್ತಾರೆ. ಬಳಸುವುದಾದರೆ ಅದೇ ದಿನ ಕರಗಿಸಿದ್ದಾಗಿರಬೇಕು, 37 ಡಿಗ್ರಿ ಮೀರಿ ಬಿಸಿ ಮಾಡಬಾರದು. ಇಲ್ಲವಾದರೆ ಯೂರಿಯಾದಿಂದ ಹುಟ್ಟುವ ಸಯನೇಟ್ ಲೈಸೀನ್‌ಗಳಿಗೆ ಅಂಟಿ ಟ್ರಿಪ್ಸಿನ್ ಅಲ್ಲಿ ಕತ್ತರಿಸದಂತೆ ಮಾಡುತ್ತದೆ. ಎಸ್‌ಡಿಎಸ್, ಟ್ರೈಟನ್ ಮುಂತಾದ ಡಿಟರ್ಜೆಂಟ್‌ಗಳನ್ನು ಈ ಮೇಜಿನ ಹತ್ತಿರವೂ ತರಬೇಡಿ. ಯಂತ್ರದ ವರ್ಣಪಟಲದಲ್ಲಿ 44 ಡಾಲ್ಟನ್ ಅಂತರದಲ್ಲಿ ಸಾಲುಸಾಲು ಪೀಕ್‌ಗಳು ಕಂಡರೆ ಎಲ್ಲಿಂದಲೋ ಟ್ರೈಟನ್‌ನಂಥ ಪಾಲಿಮರ್ ಒಳಸೇರಿದೆ ಎಂದರ್ಥ.

ಮುಂದೆ ಡಿಟಿಟಿ ಅಥವಾ ಟಿಸಿಇಪಿ ಹಾಕಿ ಡೈಸಲ್ಫೈಡ್ ಬಂಧಗಳನ್ನು ಬಿಡಿಸಬೇಕು. ನಾವು ಆರಿಸಿದ ತುಂಡಿನಲ್ಲಿ ಸಿಸ್ಟೀನ್ ಇಲ್ಲವಲ್ಲ, ಈ ಹಂತ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರತಿ ಕ್ರಿಂಗಲನ್ನೂ ಮೂರು ಡೈಸಲ್ಫೈಡ್‌ಗಳು ಬಿಗಿದು ಹಿಡಿದಿರುತ್ತವೆ, ಕೊನೆಯ ಭಾಗದಲ್ಲೂ ಬಂಧಗಳಿವೆ. ಬಿಗಿದ ಪ್ರೋಟೀನಿನೊಳಗೆ ಟ್ರಿಪ್ಸಿನ್ ನುಸುಳುವುದಿಲ್ಲ. ಬಿಡಿಸಿದ ಬಂಧ ಮತ್ತೆ ಕೂಡಿಕೊಳ್ಳದಂತೆ ಅಯೊಡೊಅಸಿಟಮೈಡ್ ಹಾಕಿ ಅರ್ಧ ಗಂಟೆ ಕತ್ತಲಲ್ಲಿಡಿ. ಅದು ಬೆಳಕಿಗೆ ಕೆಡುವ ವಸ್ತು. ಆಗಲೇ ತೂಗಿ ಆಗಲೇ ಕರಗಿಸಿ. ಉಳಿದದ್ದನ್ನು ಇನ್ನಷ್ಟು ಡಿಟಿಟಿ ಹಾಕಿ ತಣಿಸಿ.

ಈಗ ಟ್ರಿಪ್ಸಿನ್. ಕೈಮೊಟ್ರಿಪ್ಸಿನ್ ಚಟುವಟಿಕೆ ತೆಗೆದುಹಾಕಲು ಟಿಪಿಸಿಕೆ ಸಂಸ್ಕರಿಸಿದ್ದನ್ನೇ ಕೊಳ್ಳಿ. 700 ಮೈಕ್ರೊಗ್ರಾಂ ಪ್ರೋಟೀನಿಗೆ 20ರಲ್ಲಿ ಒಂದು ಪಾಲಿನಂತೆ 35 ಮೈಕ್ರೊಗ್ರಾಂ ಬೇಕು. ದುರ್ಬಲ ಆಮ್ಲದಲ್ಲಿ ಕರಗಿಸಿ ಮಂಜುಗಡ್ಡೆಯ ಮೇಲಿಡಿ. ಕ್ಷಾರೀಯ ದ್ರಾವಣದಲ್ಲಿ ಬಿಟ್ಟರೆ ಅದು ತನ್ನನ್ನೇ ತಾನು ಕತ್ತರಿಸಿಕೊಳ್ಳುತ್ತದೆ.

ಎಷ್ಟು ಹೊತ್ತು? ಈ ಪ್ರಶ್ನೆಗೆ ಬೇರೆಯವರ ಪ್ರಬಂಧದಿಂದ ಉತ್ತರ ಎತ್ತಿಕೊಳ್ಳಬೇಡಿ. ಎಲ್‌ಪಿ(ಎ) ಕಡಿಮೆ, ಮಧ್ಯಮ, ಹೆಚ್ಚು ಇರುವ ಮೂರು ಸೀರಮ್ ತೆಗೆದುಕೊಂಡು, ಅರ್ಧ ಗಂಟೆ, ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದೊಂದು ಪಾಲನ್ನು ಆಮ್ಲ ಹಾಕಿ ನಿಲ್ಲಿಸಿ. ಪ್ರತಿ ಪೆಪ್ಟೈಡಿನ ಅನುಪಾತವನ್ನು ಸಮಯದ ಎದುರು ಗ್ರಾಫ್ ಮಾಡಿ. ಕೆಲವು ತುಂಡು ಬೇಗ ಹೊರಬಂದು ಆಮೇಲೆ ನಿಧಾನವಾಗಿ ಇಳಿಯುತ್ತವೆ, ಅಂದರೆ ಅವು ಕೆಡುತ್ತಿವೆ. ಕೆಲವು ಕೊನೆಯವರೆಗೂ ಏರುತ್ತಲೇ ಇರುತ್ತವೆ, ಅಂದರೆ ಜೀರ್ಣ ಮುಗಿದಿಲ್ಲ. ನಿಮಗೆ ಬೇಕಾದದ್ದು ಏರಿ ಸಮತಟ್ಟಾಗಿ ನಿಂತ ಭಾಗ. ಮೂರೂ ಸೀರಮ್‌ಗಳಲ್ಲಿ ಆ ಸಮತಟ್ಟು ಒಂದೇ ಹೊತ್ತಿಗೆ ಬರಬೇಕು. ಹಾಗೆ ಬರದಿದ್ದರೆ ಕ್ಯಾಲಿಬ್ರೇಟರ್ ಮತ್ತು ರೋಗಿಯ ಮಾದರಿ ಒಂದೇ ರೀತಿ ವರ್ತಿಸುತ್ತಿಲ್ಲ. ಡೀಆಕ್ಸಿಕೋಲೇಟ್ ಅಥವಾ ಟ್ರಿಪ್ಸಿನ್ ಪ್ರಮಾಣ ಬದಲಿಸಿ ಮೊದಲಿನಿಂದ ಮಾಡಿ. ಬೇಸರದ ಕೆಲಸ ನಿಜ. ಇದನ್ನು ಬಿಟ್ಟವರ ದತ್ತಾಂಶವನ್ನು ನಾನು ನಂಬುವುದಿಲ್ಲ.

ಮುಗಿದ ಮೇಲೆ ಫಾರ್ಮಿಕ್ ಆಮ್ಲ ಹಾಕಿ. ಟ್ರಿಪ್ಸಿನ್ ನಿಲ್ಲುತ್ತದೆ, ಡೀಆಕ್ಸಿಕೋಲೇಟ್ ಬಿಳಿಯಾಗಿ ಹೆಪ್ಪುಗಟ್ಟಿ ತಳ ಸೇರುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಮೇಲಿನ ತಿಳಿಯನ್ನು ಮಾತ್ರ, ತಳ ಕದಡದಂತೆ ತೆಗೆಯಿರಿ. ಸಾಧ್ಯವಾದರೆ ಘನಹಂತ ಹೀರಿಕೆಯ ತಟ್ಟೆಯಲ್ಲಿ ಶುದ್ಧಿ ಮಾಡಿ. ಕಾಲಂ ಹೆಚ್ಚು ದಿನ ಬಾಳುತ್ತದೆ.

ಕಾಲಂ, ಯಂತ್ರ

ಸಿ18 ಕಾಲಂ, ಎ ದ್ರಾವಕ ನೀರು, ಬಿ ದ್ರಾವಕ ಅಸಿಟೋನೈಟ್ರೈಲ್, ಎರಡರಲ್ಲೂ ಶೇ. 0.1 ಫಾರ್ಮಿಕ್ ಆಮ್ಲ. ಮೊದಲ ಒಂದೆರಡು ನಿಮಿಷ ಹೊರಬೀಳುವ ಲವಣವನ್ನು ಕವಾಟ ತಿರುಗಿಸಿ ತ್ಯಾಜ್ಯಕ್ಕೆ ಬಿಡಿ. ಕೊನೆಯಲ್ಲಿ ಶೇ. 90 ಅಸಿಟೋನೈಟ್ರೈಲ್‌ನಿಂದ ತೊಳೆಯಿರಿ. ಅಪೊ(ಎ) ತುಂಡಿನಲ್ಲಿ ಲ್ಯೂಸೀನ್ ಬಹಳ ಇರುವುದರಿಂದ ಅದು ಅಂಟುಸ್ವಭಾವದ್ದು, ಪ್ಲಾಸ್ಟಿಕ್ ಬಾಟಲಿಗೂ ಸೂಜಿಗೂ ಅಂಟಿಕೊಳ್ಳುತ್ತದೆ. ಹೆಚ್ಚು ಸಾಂದ್ರತೆಯ ಮಾದರಿಯ ನಂತರ ಖಾಲಿ ಮಾದರಿ ಓಡಿಸಿ, ಹಿಂದಿನದು ಉಳಿದುಕೊಂಡಿದೆಯೇ ನೋಡಿ.

ತ್ರಿವಳಿ ಕ್ವಾಡ್ರುಪೋಲ್ ಯಂತ್ರದಲ್ಲಿ ಮೊದಲ ಜರಡಿ ಇಡೀ ಪೆಪ್ಟೈಡನ್ನು ಆರಿಸುತ್ತದೆ, ನಡುವಿನ ಕೋಶದಲ್ಲಿ ಅದು ಅನಿಲಕ್ಕೆ ಡಿಕ್ಕಿ ಹೊಡೆದು ಒಡೆಯುತ್ತದೆ, ಮೂರನೆಯದು ಗೊತ್ತಾದ ಚೂರನ್ನು ಮಾತ್ರ ಮುಂದೆ ಬಿಡುತ್ತದೆ. ಅಪೊ(ಎ) ತುಂಡಿಗೆ ಎರಡು ಧನ ಆವೇಶ ಹೊತ್ತ ಅಯಾನು 786.5 (ಇಲ್ಲಿನ ಅಂಕಿಗಳೆಲ್ಲ ತೂಕವನ್ನು ಆವೇಶದಿಂದ ಭಾಗಿಸಿದ್ದು). ಪ್ರೋಲೀನ್‌ನ ಎಡಭಾಗದ ಬಂಧ ಸುಲಭವಾಗಿ ಮುರಿಯುವುದರಿಂದ 1069.6 ಮತ್ತು ಅದರದೇ ದ್ವಿಆವೇಶ ರೂಪ 535.3 ಜೋರಾಗಿ ಕಾಣುತ್ತವೆ. ಭಾರದ ಮಾನಕಕ್ಕೆ 790.5ರಿಂದ 1077.6. ಅಪೊಬಿ ತುಂಡಿಗೆ 640.9ರಿಂದ 838.5, ಅದರ ಮಾನಕಕ್ಕೆ 645.9ರಿಂದ 848.5. ಘರ್ಷಣಾ ಶಕ್ತಿಯನ್ನು ನಿಮ್ಮ ಯಂತ್ರದಲ್ಲೇ ಹೊಂದಿಸಿ. ಒಂದು ಪೀಕ್ ಮೇಲೆ ಕನಿಷ್ಠ ಹತ್ತು ಹನ್ನೆರಡು ಬಿಂದು ಬೀಳುವಷ್ಟು ವೇಗವಾಗಿ ಯಂತ್ರ ತಿರುಗಬೇಕು.

ಸಾರಜನಕ ಅನಿಲದ ಪೂರೈಕೆಯೂ ಯುಪಿಎಸ್ ಕೂಡ ವಿಧಾನದ ಭಾಗವೇ. ವಿದ್ಯುತ್ ಹೋಗಿ ನಿರ್ವಾತ ಕುಸಿದರೆ ಮತ್ತೆ ಸ್ಥಿರಗೊಳ್ಳುವವರೆಗೆ ಕಾಯಬೇಕು, ಟ್ಯೂನಿಂಗ್ ಪರಿಶೀಲಿಸಬೇಕು. ಆ ನಡುವೆ ಓಡಿದ ಮಾದರಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಂಕಿ ತೆಗೆಯುವುದು

ಪ್ರತಿ ಪೀಕನ್ನೂ ಕಣ್ಣಿನಿಂದ ನೋಡಿ, ತಂತ್ರಾಂಶ ಎಳೆದ ಗೆರೆಯನ್ನು ಕುರುಡಾಗಿ ಒಪ್ಪಬೇಡಿ. ನೈಜ ಮತ್ತು ಭಾರದ ಪೀಕ್ ಒಂದೇ ಕ್ಷಣದಲ್ಲಿ ಹೊರಬರಬೇಕು. 1069.6 ಮತ್ತು 535.3ರ ನಡುವಿನ ಅನುಪಾತ ಕ್ಯಾಲಿಬ್ರೇಟರ್‌ನಲ್ಲಿ ಇದ್ದಂತೆಯೇ ರೋಗಿಯಲ್ಲೂ ಇರಬೇಕು, ಶೇ. 20ಕ್ಕಿಂತ ಹೆಚ್ಚು ಸರಿದಿದ್ದರೆ ಬೇರೇನೋ ಜೊತೆಗೂಡಿದೆ. ಭಾರದ ಮಾನಕದ ವಿಸ್ತೀರ್ಣ ಒಂದು ಮಾದರಿಯಲ್ಲಿ ಮಾತ್ರ ದಿಢೀರನೆ ಅರ್ಧವಾಗಿದ್ದರೆ ಪಿಪೆಟ್ ತಪ್ಪಿರಬಹುದು ಅಥವಾ ಅಯಾನುಗೊಳ್ಳುವುದನ್ನು ಏನೋ ತಡೆದಿರಬಹುದು.

ಉದಾಹರಣೆಗೆ ಕ್ಯಾಲಿಬ್ರೇಷನ್ ಗೆರೆಯ ಇಳಿಜಾರು 0.0070, ಅಕ್ಷವನ್ನು ಕಡಿಯುವ ಬಿಂದು 0.007 ಎನ್ನೋಣ. ರೋಗಿಯ ಅನುಪಾತ 0.840. ಅದರಲ್ಲಿ 0.007 ಕಳೆದರೆ 0.833, ಅದನ್ನು 0.0070ರಿಂದ ಭಾಗಿಸಿದರೆ ಲೀಟರಿಗೆ 119 ನ್ಯಾನೊಮೋಲ್. ಎಲ್‌ಪಿ(ಎ) ಜನರಲ್ಲಿ ನೂರಾರು ಪಟ್ಟು ವ್ಯತ್ಯಾಸವಾಗುವುದರಿಂದ ಗೆರೆ ಎಳೆಯುವಾಗ ಸಾಂದ್ರತೆಯ ವಿಲೋಮದ ತೂಕ ಕೊಡಿ. ಇಲ್ಲವಾದರೆ ಎತ್ತರದ ಕ್ಯಾಲಿಬ್ರೇಟರ್ ಗೆರೆಯನ್ನು ತನ್ನ ಕಡೆ ಎಳೆದು, ಕೆಳಗಿನ ಮೌಲ್ಯಗಳೆಲ್ಲ ವಾಲಿಬಿಡುತ್ತವೆ.

ವಿಧಾನವನ್ನು ನಂಬುವ ಮೊದಲು

ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಸಿ64 ದಾಖಲೆ ಪ್ರೋಟೀನ್ ಮತ್ತು ಪೆಪ್ಟೈಡ್ ಅಳತೆಗೆಂದೇ ಬರೆದದ್ದು, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮರುಕಳಿಕೆ (ಮತ್ತೆ ಮತ್ತೆ ಅಳೆದಾಗ ಅದೇ ಉತ್ತರ ಬರುವುದು), ರೇಖೀಯತೆ, ಕೆಳಮಿತಿ, ರಕ್ತಕಣ ಒಡೆದ ಮತ್ತು ಕೊಬ್ಬಿನಿಂದ ಹಾಲಿನಂತಾದ ಸೀರಮ್‌ನ ಪ್ರಭಾವ, ಇವೆಲ್ಲ ಪಟ್ಟಿಯಲ್ಲಿರುತ್ತವೆ, ನಾನು ಮತ್ತೆ ಹೇಳಬೇಕಿಲ್ಲ. ಆದರೆ ಮರುಕಳಿಕೆಯನ್ನು ಒಂದೇ ಜೀರ್ಣದ್ರವವನ್ನು ಹತ್ತು ಸಲ ಯಂತ್ರಕ್ಕೆ ಬಿಟ್ಟು ಅಳೆಯುವವರಿದ್ದಾರೆ. ಅದರಿಂದ ತಿಳಿಯುವುದು ಯಂತ್ರದ ಸ್ಥಿರತೆ ಮಾತ್ರ. ಐದು ಬೇರೆ ಬೇರೆ ದಿನ, ಪ್ರತಿ ದಿನ ಸೀರಮ್‌ನಿಂದಲೇ ಶುರುಮಾಡಿ ಐದೈದು ಸಲ ಜೀರ್ಣ ಮಾಡಿ. ಸಾಧ್ಯವಾದರೆ ಇಬ್ಬರು ಬೇರೆ ಬೇರೆ ಕೈಗಳಿಂದ.

ಎಲ್‌ಪಿ(ಎ)ಗೆ ವಿಶೇಷವಾದ ಒಂದು ಪರೀಕ್ಷೆ: ಅಪೊ(ಎ) ಉದ್ದ ಗೊತ್ತಿರುವ ಮಾದರಿಗಳನ್ನು ಹೊಂದಿಸಿಕೊಂಡು, ನಿಮ್ಮ ಉತ್ತರಕ್ಕೂ ಇಮ್ಯುನೊಅಸ್ಸೇ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಉದ್ದದ ಎದುರು ಗ್ರಾಫ್ ಮಾಡಿ. ಗೆರೆ ವಾಲಿದರೆ ಆ ಇಮ್ಯುನೊಅಸ್ಸೇಗೆ ಉದ್ದದ ದೋಷವಿದೆ. ಈ ಕೆಲಸವೊಂದಕ್ಕೇ ಈ ವಿಧಾನ ಕಲಿತರೂ ಸಾರ್ಥಕ.

ರೋಗಿಗೆ ವರದಿ ಕೊಡುವುದಾದರೆ ಭಾರತದಲ್ಲಿ ಪ್ರಯೋಗಾಲಯಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆಗೆ ಐಎಸ್‌ಒ 15189 ಮಾನದಂಡ ಅನ್ವಯಿಸುತ್ತದೆ. ಪ್ರಯೋಗಾಲಯದಲ್ಲೇ ಕಟ್ಟಿದ ವಿಧಾನವಾದ್ದರಿಂದ ಪರಿಶೀಲನೆಯಷ್ಟೇ ಸಾಲದು, ಪೂರ್ಣ ಪ್ರಮಾಣೀಕರಣದ (ವ್ಯಾಲಿಡೇಷನ್) ದಾಖಲೆ ಬೇಕು.

ಪ್ರೋಟೀನ್ ಹಾದಿ ಕಷ್ಟವೆನಿಸಿದರೆ ಮೊದಲು ಟಿಎಂಎಒ ಮಾಡಿ ಕೈ ಪಳಗಿಸಿಕೊಳ್ಳಬಹುದು. ಟ್ರೈಮೀಥೈಲಮೈನ್ ಎನ್-ಆಕ್ಸೈಡ್ ಎಂಬ ಈ ಚಿಕ್ಕ ಅಣುವಿಗೂ ಹೃದ್ರೋಗಕ್ಕೂ ಇರುವ ನಂಟನ್ನು 2011ರಲ್ಲಿ ಕ್ಲೀವ್‌ಲ್ಯಾಂಡ್‌ನ ಸ್ಟ್ಯಾನ್ಲಿ ಹೇಜನ್ ತಂಡ ತೋರಿಸಿತು. ಜೀರ್ಣಕ್ರಿಯೆಯ ರಗಳೆ ಇಲ್ಲ: ಡ್ಯುಟೀರಿಯಂ ತುಂಬಿದ ಮಾನಕ ಹಾಕಿ, ತಂಪು ಮೆಥನಾಲ್‌ನಿಂದ ಪ್ರೋಟೀನ್ ಇಳಿಸಿ, ತಿಳಿಯನ್ನು ಯಂತ್ರಕ್ಕೆ ಬಿಟ್ಟು 76ರಿಂದ 58ಕ್ಕೆ ಹೋಗುವ ಜೋಡಿ ನೋಡುವುದು. ಆದರೆ ಸಮುದ್ರದ ಮೀನಿನಲ್ಲಿ ಟಿಎಂಎಒ ಧಾರಾಳವಾಗಿದೆ. ಹಿಂದಿನ ರಾತ್ರಿ ಬಂಗುಡೆ ಸಾರು ಉಂಡ ಮಂಗಳೂರಿನವರ ಅಂಕಿ ಏರಿದ್ದರೆ ಗಾಬರಿ ಬೇಡ, ಊಟ ಏನಿತ್ತೆಂದು ಮೊದಲು ಕೇಳಿ. ಸೆರಮೈಡ್ ಎಂಬ ಕೊಬ್ಬಿನ ಅಣುಗಳೂ ಹೀಗೆಯೇ ನೇರ. ಅಲ್ಲಿ ಎಚ್ಚರ ಬೇಕಾದದ್ದು 24:1 ಮತ್ತು 24:0 (ಇಂಗಾಲಗಳ ಸಂಖ್ಯೆ, ದ್ವಿಬಂಧಗಳ ಸಂಖ್ಯೆ) ಎಂಬ ಜೋಡಿಯಲ್ಲಿ: ಎರಡರ ತೂಕಕ್ಕೂ ಎರಡೇ ಡಾಲ್ಟನ್ ಅಂತರ, ಮೊದಲನೆಯದರ ಸಹಜ ಐಸೊಟೋಪ್ ಎರಡನೆಯದರ ಕಿಟಕಿಯಲ್ಲಿ ಇಣುಕುತ್ತದೆ. ಕಾಲಂನಲ್ಲಿ ಅವೆರಡನ್ನೂ ಬೇರ್ಪಡಿಸದೆ ಅಳೆಯಬೇಡಿ.

ವರದಿ ಮತ್ತು ದಿನನಿತ್ಯ

ಎಲ್‌ಪಿ(ಎ)ಯನ್ನು ನ್ಯಾನೊಮೋಲ್‌ನಲ್ಲೇ ವರದಿ ಮಾಡಿ. ಯುರೋಪಿನ ಅಪಧಮನಿ ಕಾಠಿನ್ಯ ಸಂಘದ 2022ರ ಹೇಳಿಕೆಯಂತೆ ಲೀಟರಿಗೆ 75ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 125 ಮೀರಿದರೆ ಹೆಚ್ಚು, ನಡುವಿನದು ಅನಿಶ್ಚಿತ ವಲಯ. ನಮ್ಮ ಉದಾಹರಣೆಯ 119ನ್ನು ಸಹಜ ಎಂದು ಬರೆದು ಮುಗಿಸಬಾರದು. ಅಳತೆಯ ಅನಿಶ್ಚಿತತೆಯನ್ನೂ ಜೊತೆಗೆ ಕೊಟ್ಟರೆ ವೈದ್ಯರು ಉಳಿದ ಅಪಾಯಗಳೊಂದಿಗೆ ಸೇರಿಸಿ ನೋಡುತ್ತಾರೆ. ಎಲ್‌ಪಿ(ಎ) ಬಹುಪಾಲು ಹುಟ್ಟಿನಿಂದಲೇ ನಿರ್ಧಾರವಾಗುವುದರಿಂದ ಆರು ತಿಂಗಳಿಗೊಮ್ಮೆ ಅಳೆಯುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಹೆಚ್ಚಿದೆ ಎಂದಾದರೆ ಮಕ್ಕಳು, ಒಡಹುಟ್ಟಿದವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಉಪಯುಕ್ತ ಎಂಬ ಸಾಲನ್ನು ಟಿಪ್ಪಣಿಯಲ್ಲಿ ಸೇರಿಸಬಹುದು. ಅಪೊಬಿಯನ್ನು ಮಾತ್ರ ವೈದ್ಯರು ಮಿಲಿಗ್ರಾಂನಲ್ಲೇ ಓದುತ್ತಾರೆ, ಯುರೋಪಿನ 2019ರ ಮಾರ್ಗಸೂಚಿಯಲ್ಲಿ ಅತಿ ಹೆಚ್ಚು ಅಪಾಯದವರಿಗೆ ಗುರಿ ಡೆಸಿಲೀಟರಿಗೆ 65ಕ್ಕಿಂತ ಕಡಿಮೆ. ಅಪೊಬಿಯ ಉದ್ದ ಎಲ್ಲರಲ್ಲೂ ಒಂದೇ ಆದ್ದರಿಂದ ಅದನ್ನು ಪರಿವರ್ತಿಸುವುದರಲ್ಲಿ ತೊಂದರೆಯಿಲ್ಲ. ಎಲ್‌ಪಿ(ಎ)ಯನ್ನೂ ಮಿಲಿಗ್ರಾಂನಲ್ಲಿ ಕೊಡಿ ಎಂದು ವೈದ್ಯರು ಕೇಳಿದರೆ ಕೊಡಬೇಡಿ. ಯಾಕೆಂದು ವಿವರಿಸಿ ಒಂದು ಪುಟದ ಪತ್ರ ಸಿದ್ಧವಾಗಿಟ್ಟುಕೊಳ್ಳಿ.

ಪ್ರತಿ ತಟ್ಟೆಯಲ್ಲೂ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ನಿಯಂತ್ರಣ ಸೀರಮ್‌ಗಳಿರಲಿ. ಮಧ್ಯಮದ್ದು 125ರ ಹತ್ತಿರವಿದ್ದರೆ ಉತ್ತಮ, ತೀರ್ಮಾನ ಆಗುವುದು ಅಲ್ಲಿ. ಟ್ರಿಪ್ಸಿನ್‌ನ ಹೊಸ ಲಾಟ್ ಬಂದಾಗ ಹಳೆಯದು ಖಾಲಿಯಾಗುವ ಮೊದಲೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಇಪ್ಪತ್ತು ರೋಗಿ ಮಾದರಿಗಳನ್ನು ಜೀರ್ಣ ಮಾಡಿ ಹೋಲಿಸಿ. ಕ್ಯಾಲಿಬ್ರೇಟರ್, ಭಾರದ ಪೆಪ್ಟೈಡ್, ಕಾಲಂ ಬದಲಾದಾಗಲೂ ಹಾಗೆಯೇ, ಆದರೆ ಎರಡನ್ನು ಒಂದೇ ದಿನ ಬದಲಿಸಬೇಡಿ. ಹಾಗೆ ಬದಲಿಸಿದರೆ ನಿಯಂತ್ರಣ ಸೀರಮ್ ಗಡಿ ದಾಟಿದಾಗ ಯಾವುದರಿಂದ ಎಂದು ಹುಡುಕಲು ದಾರಿಯೇ ಇರುವುದಿಲ್ಲ.